ಮಾನ್ವಿ ಕೋರ್ಟಿನ ಗುಮಾಸ್ತ ಬರೆದಿಟ್ಟದ್ದು

ಪೋತ್ನಾಳ ಹುಸೇನಪ್ಪ ವಕೀಲರ ಮೊದಲ ಕೋಟು
ರಾಯಚೂರಿನ ದರ್ಜಿಯೊಬ್ಬ ಉದ್ರಿ ಹೊಲಿದುಕೊಟ್ಟದ್ದು.
ತೋಳು ಎರಡು ಬೆರಳು ಉದ್ದಾಗಿತ್ತು.
"ಇರಲಿ ಮೌಲಾ,
ವಾದ ಮಾಡ್ತ ಮಾಡ್ತ ಕೈ ಉದ್ದಾಗತಾವ" ಅಂದ್ರು.

ನಾ ಆಗ ಟೈಪು ಕಲಿತು ಆರು ತಿಂಗಳು.
ಬೇವಿನಗಿಡದ ಕೆಳಗ ಒಂದು ಮೇಜು, ಎರಡು ಕುರ್ಚಿ.
ಮೂರನೇದು ಪಕ್ಷಗಾರರದು,
ಅದರ ಒಂದು ಕಾಲಿಗೆ ಇಟ್ಟಂಗಿ.

ಆ ಕುರ್ಚಿಮ್ಯಾಲ ಮೊದಲು ಕುಂತಾಕಿ ಗೋರ್ಕಲ್ ತಾಯಮ್ಮ.
ಗಂಡ ಸತ್ತು ತಿಂಗಳಾಗಿರಲಿಲ್ಲ,
ಮೂರೆಕರೆ ಹನ್ನೆರಡು ಗುಂಟೆಗೆ
ಮೈದುನರು ಮುಳ್ಳು ಬಡಿದಿದ್ರು.
ಫೀಸಂತ ಒಂದು ಚೀಲ ಜೋಳ ತಂದಿದ್ಲು;
ಅರ್ಧ ನಮ್ಮ ಮನೀಗೆ ಕಳಿಸಿದ್ರು ವಕೀಲರು.
ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿಸಿದವ ನಾನು.
ಮಸಿ ಹೆಚ್ಚಾಗಿ ಗೆರೆ ಗೆರೆ ಕೂಡಿ
ಹುಣಸೀಬೀಜದಂಗ ಕಂಡಿತ್ತು.

ಪಟವಾರಿಯ ಪಾಟೀಸವಾಲು ಇದ್ದ ದಿನ
ಚಾದಂಗಡಿ ಖಾಲಿ.
"ಈ ಪಹಣಿ ಬರೆದಾಗ ನೀವು ಊರಾಗ ಇದ್ರೇನು?"
"ಇದ್ದೆ."
"ಯಾವ ಊರಾಗ?"
ಅಷ್ಟ ಕೇಳಿ ಕುಂತುಬಿಟ್ರು.
ಪಟವಾರಿ ಟವೆಲಿನ್ಯಾಗ ಮುಖ ವರಸ್ತಾನ, ವರಸ್ತಾನ,
ಮುಗೀವಲ್ದು.

ಹೊರಗ ಬಂದಾಗ ಯಾರೋ ಅಂದ್ರು,
"ಇಂಥವ್ರು ವಿಧಾನಸೌಧಕ್ಕ ಹೋಗಬೇಕು."
ಯಾರು ಅಂದವರು ಅಂತ
ಇವತ್ತಿಗೂ ಹುಡುಕಾಕತ್ತೀನಿ.

ಮೊದಲ ಚುನಾವಣೆಯ ಆಸ್ತಿ ಪ್ರಮಾಣಪತ್ರ ನಾನೇ ಹೊಡೆದೆ.
ಒಂದು ಸ್ಕೂಟರು, ಕಾನೂನು ಪುಸ್ತಕ ಅರವತ್ತೆರಡು,
ಹೆಂಡತಿ ಕೊರಳಾಗ ನಾಲ್ಕು ತೊಲಿ.
ಒಂದೂವರೆ ಪುಟ.
ಎರಡನೇ ಚುನಾವಣೆಗೆ ಹದಿನಾಲ್ಕು ಪುಟ ಆತು,
ಅದು ಬೆಂಗಳೂರಾಗ ತಯಾರಾಗಿ ಬಂತು,
ನಾ ಬರೇ ಪಿನ್ನು ಹೊಡೆದೆ.

ಪಕ್ಷಗಾರರ ಕುರ್ಚಿ ಪಕ್ಷದವರಿಗೆ ಹೋತು.
ಇಟ್ಟಂಗಿ ತೆಗೆದು ಹೊಸ ಕಾಲು ಹಾಕಿಸಿದ್ರು.

ತಾಯಮ್ಮ ತಾರೀಕಿಗೊಮ್ಮೆ ಬಂದು
ಗಿಡದ ಬುಡಕ್ಕ ಕುಂದ್ರಾಕಿ.
"ವಕೀಲರು ಅಧಿವೇಶನದಲ್ಲಿ ಇರುವುದರಿಂದ
ಕಾಲಾವಕಾಶ ಕೋರಿದೆ" –
ಆ ಸಾಲು ಹೊಡೆಯೂದಕ್ಕ
ನಾ ಕಣ್ಣು ತೆರೆಯೂದೂ ಬ್ಯಾಡಾಗಿತ್ತು.
ಬ್ಯಾರೆ ವಕೀಲರನ್ನ ಹಿಡಿಯವ್ವಾ ಅಂದೆ.
"ಬೆಟ್ಟು ಒತ್ತೀನಲ್ಲೋ" ಅಂದ್ಲು.

ಒಂದಿನ ಚಾದಂಗಡಿ ಟೀವಿಯಾಗ ಸಾಹೇಬರು
ಹೆಣ್ಣುಮಕ್ಕಳ ಹೊಲದ ಹಕ್ಕಿನ ಮ್ಯಾಲ
ಇಪ್ಪತ್ತು ನಿಮಿಷ, ಚೀಟಿ ಇಲ್ಲದ, ನೀರು ಕುಡೀಲಾರದ.
ತಾಯಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು:
"ನಂದೇ ಹೇಳಾಕತ್ತಾರ ನೋಡು!"
ಖರೇನ. ಆಕಿದೇ ಹೇಳಾಕತ್ತಿದ್ರು.
ಗುಂಟೆಯ ಲೆಕ್ಕ ಸುದ್ದಾ ತಪ್ಪಿರಲಿಲ್ಲ.
ಆವತ್ತು ಆಕಿ ಕೇಸಿನ ತಾರೀಕೂ ಇತ್ತು.

ಮೂರನೇ ಸಲ ಆರುನೂರಾ ಹನ್ನೊಂದು ಮತದಿಂದ ಸೋತ್ರು.
ಕಾರು ನಿಂತವು, ಫೋನು ನಿಂತವು,
ಮನಿ ಮುಂದಿನ ಚಪ್ಪಲಿ ಎರಡು ಜೋಡಿಗೆ ಇಳಿದವು.
ನಲವತ್ತು ದಿನಕ್ಕ ಟ್ರಂಕಿನಿಂದ ಕೋಟು ತೆಗೆಸಿದ್ರು.
ತೋಳು ಈಗ ಸರಿಯಾಗಿತ್ತು.
ಗುಂಡಿ ಹತ್ತವಲ್ಲವು.

ಜಡ್ಜು ಹೊಸಬಾಕಿ, ಹಾಸನ ಕಡೆಯ ಹುಡುಗಿ.
ಕೇಸು ಕೂಗಿದ್ರು.
ಸಾಹೇಬರು ಎದ್ದರು, ಎದಿ ಮುಂದಕ್ಕ ಬಂತು,
"ಸನ್ಮಾನ್ಯ ಸಭಾಧ್ಯಕ್ಷರೇ –"

ಯಾರೋ ನಕ್ಕರು. ಆಮ್ಯಾಲ ಎಲ್ಲಾರೂ.
ಆಕಿ ನಗಲಿಲ್ಲ. ಕಡತ ತಿರುವಿ,
ಕನ್ನಡಕದ ಮ್ಯಾಲಿಂದ ನೋಡಿ ಕೇಳಿದ್ಲು,
"ನೀವು ಯಾರ ಪರ?"

ಎಷ್ಟು ಹೊತ್ತು ಸುಮ್ಮನಿದ್ರೋ.
ಫ್ಯಾನು ತಿರಗತಿತ್ತು.
ನಾ ವಕಾಲತ್ತು ಹುಡುಕಿ ಕೈಗೆ ಕೊಡಬೇಕು, ನನ್ನ ಕೆಲಸ ಅದು,
ಕೊಡಲಿಲ್ಲ.

ಹಿಂದಿನ ಬೆಂಚಿನ ತುದಿಗೆ
ಬಡಿಗಿ ಊರಿದ ಸಪ್ಪಳ.
"ನಂದ್ರೀ ಅಮ್ಮಾರ. ನನ್ನ ವಕೀಲ ಆತ,"
ತಾಯಮ್ಮ ಅಂದ್ಲು,
ಕಳಕೊಂಡ ಎಮ್ಮಿ ಗುರುತು ಹಿಡಿದಾಕಿಯಂಗ.

ಸಾಹೇಬರು ಕಾಲಾವಕಾಶ ಕೇಳಿದ್ರು.
ಜಡ್ಜು ಒಂದು ವಾರ ಕೊಟ್ಲು, ಕೊನೇದು ಅಂದ್ಲು.
ನಾ ಡೈರಿಯಾಗ ಬರಕೊಂಡೆ –
ಪ್ರತಿ ಪುಟದ ಮ್ಯಾಲ ಕೈಮುಗಿದು ನಗೋ ಸಾಹೇಬರ ಫೋಟೋ,
ಕೆಳಗ "ನಿಮ್ಮ ಸೇವೆಯಲ್ಲಿ".
ಹಂಚಲಾರದ ಉಳಿದದ್ದು.
ಇನ್ನೂ ಎರಡು ಕಟ್ಟು ಅದಾವ.